ಡಂಗುರನ ಪಿಸುಮಾತು

ತಗಡು ಬಡಿಯುವವರ ಬೀದಿಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟವನಿಗೆ ತಲೆ ಸರಿಯಿಲ್ಲ ಎಂದು ಯಾರಾದರೂ ಹೇಳಿದರೆ ನಾನು ವಾದಕ್ಕೆ ಹೋಗುವುದಿಲ್ಲ. ಅಂಗಡಿ ನನ್ನ ಮಾವನದು. ಮಗಳನ್ನು ಕೊಡುವಾಗ ಇದನ್ನೂ ನನ್ನ ಕೊರಳಿಗೆ ಕಟ್ಟಿದರು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು, ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತುವ ಹೊತ್ತಿಗೆ ಸರಿಯಾಗಿ ಎದುರಿನಿಂದ ಢಣ್ ಎಂದು ಒಂದು ಏಟು ಬೀಳುತ್ತದೆ. ಸ್ಪ್ರಿಂಗ್ ಎಲ್ಲಿಗೋ ಹಾರುತ್ತದೆ. ಆಮೇಲೆ ನೆಲದ ಮೇಲೆ ಮಂಡಿಯೂರಿ ಅದನ್ನು ಹುಡುಕುತ್ತಾ ಎದುರಂಗಡಿಯವನ ಏಳು ತಲೆಮಾರನ್ನು ಬೈಯುವುದೇ ನನ್ನ ಕಸುಬು. ನನ್ನ ಅಂಗಡಿಯ ಗಡಿಯಾರಗಳ ಟಿಕ್ ಟಿಕ್ ನನಗೆ ಕೇಳಿಸುವುದು ಬೀದಿಗೆ ರಜೆ ಇದ್ದ ದಿನ ಮಾತ್ರ.

ಎದುರಂಗಡಿಯವನು ಎಂದರೆ ಡಂಗುರ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಅದು ಯಾರಿಗೂ ನೆನಪಿಲ್ಲ. ಟ್ರಂಕು, ಬಕೆಟ್ಟು, ಕಾಳಿನ ಡಬ್ಬ ಮಾಡುತ್ತಾನೆ. ಮೀಸೆ ಮೊಳೆಯುವ ಮೊದಲೇ ಸುತ್ತಿಗೆ ಹಿಡಿದವನು, ಮದುವೆಯಾಗುವ ಹೊತ್ತಿಗೆ ಕಿವಿ ಅರ್ಧ ಕೈಕೊಟ್ಟಿತ್ತು. ಕಿವಿ ಹೋದಷ್ಟೂ ಗಂಟಲು ಬೆಳೆಯಿತು. ಅವನು ಅಂಗಡಿಯಲ್ಲಿ ಕೂತು ಟೀ ಕುಡಿಯಬೇಕು ಅಂದರೆ ಸಾಕು, ಬೀದಿಯ ಕೊನೆಯಲ್ಲಿ ಟೀ ಅಂಗಡಿಯವನು ಒಲೆ ಹೊತ್ತಿಸುತ್ತಿದ್ದ. ಗುಟ್ಟು ಹೇಳುತ್ತೇನೆ ಬಾ ಅಣ್ಣಾ ಎಂದು ನನ್ನನ್ನು ಪಕ್ಕಕ್ಕೆ ಕರೆದರೆ, ಆ ಗುಟ್ಟು ಏನೆಂದು ಕೇಳಲು ಅಕ್ಕಪಕ್ಕದವರು ಕೆಲಸ ನಿಲ್ಲಿಸಬೇಕಾಗಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವನ ಕಿವಿಯ ಕೆಲಸವನ್ನು ಕೈ ಮಾಡುತ್ತಿತ್ತು. ಟ್ರಂಕು ಮುಗಿದ ಮೇಲೆ ಅದರ ಹೊಟ್ಟೆಗೆ ಒಂದು ಅಂಗೈ ಒತ್ತಿ, ಇನ್ನೊಂದರಿಂದ ತಟ್ಟುತ್ತಿದ್ದ. ಎಲ್ಲಾದರೂ ಬೆಸುಗೆ ಬಿಟ್ಟಿದ್ದರೆ ತಗಡು ಅದುರುವ ರೀತಿಯೇ ಬೇರೆ, ಅದು ಅಂಗೈಗೆ ತಿಳಿಯುತ್ತದೆ ಎನ್ನುತ್ತಿದ್ದ. ಬೀದಿಯ ಹಳಬರೆಲ್ಲ ಹಾಗೇ ನೋಡುವುದು. ಅವರೆಲ್ಲರ ಕಿವಿಗಳ ಗತಿಯೂ ಅಷ್ಟೇ.

ಅವನ ಮನೆ ಹಿಂದಿನ ಬೀದಿಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಪಕ್ಕ ಹೆಂಡತಿಯ ಹೊಲಿಗೆ ಯಂತ್ರ. ಅವಳು ದಿಂಬಿನ ಚೀಲ, ಹಾಸಿಗೆ ಚೀಲ ಹೊಲಿಯುತ್ತಾಳೆ. ಹೊಲಿಯುವಾಗ ಹಾಡುತ್ತಾಳೆ, ಅಥವಾ ಹಾಡುವುದಕ್ಕಾಗಿಯೇ ಹೊಲಿಯುತ್ತಾಳೆ ಎನ್ನಬೇಕು. ಸಣ್ಣ ದನಿ. ಅದನ್ನು ಕೇಳಬೇಕಾದರೆ ಡಂಗುರ ಅವಳ ಭುಜಕ್ಕೆ ಕಿವಿ ತಾಗಿಸಿ ಕೂರಬೇಕಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಇವರಿಬ್ಬರು ಇಷ್ಟು ಹತ್ತಿರ ಕೂರುತ್ತಾರಲ್ಲ, ನಮ್ಮ ಕಿವಿಯೂ ಹೋಗಬಾರದೇ ಎಂದು ನಾವು ಗೇಲಿ ಮಾಡುತ್ತಿದ್ದೆವು.

ಮಕ್ಕಳಾಗಲಿಲ್ಲ, ಆಗಲಿಲ್ಲ ಎಂದು ಇಬ್ಬರೂ ಆಸೆ ಬಿಟ್ಟ ಮೇಲೆ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಲ್ಲಿ ಮಗುವಿನ ಮುಖ ನೋಡಿದವನೇ ಇವನು ಸಂತೋಷ ತಡೆಯಲಾರದೆ, ಬಂದ್ಯಾ ನನ್ನವ್ವ ಎಂದುಬಿಟ್ಟನಂತೆ. ವಾರ್ಡಿನ ಅಷ್ಟೂ ಮಕ್ಕಳು ಬೆಚ್ಚಿಬಿದ್ದು ಒಟ್ಟಿಗೆ ರಾಗ ತೆಗೆದವು. ಇವನ ಮಗಳು ಮಾತ್ರ ಕಣ್ಣು ಮುಚ್ಚಿ ತಣ್ಣಗೆ ಮಲಗಿದ್ದಳು. ಅಪ್ಪನ ಗಂಟಲು ಇವಳಿಗೆ ಹೊಟ್ಟೆಯಲ್ಲಿದ್ದಾಗಲೇ ರೂಢಿಯಾಗಿದೆ ಬಿಡಿ ಎಂದು ನರ್ಸು ನಕ್ಕಳಂತೆ. ಈ ಕಥೆಯನ್ನು ಅವನು ನಮ್ಮ ಬೀದಿಯಲ್ಲಿ ಎಷ್ಟು ಸಲ ಹೇಳಿದನೋ, ನಾವೂ ಅಷ್ಟು ಸಲ ನಕ್ಕೆವು.

ಬಾಣಂತನಕ್ಕೆಂದು ಅತ್ತೆ ಬಂದು ಕೂತರು. ಮೊದಲ ದಿನವೇ ಅಳಿಯನ ಬಾಯಿಗೆ ಬೀಗ ಬಿತ್ತು. ಅವನು ಬಾಯಿ ತೆರೆದರೆ ಸಾಕು, "ಅಳಿಯಂದ್ರೇ, ಮೆಲ್ಲಗೆ." ಅವನು ಚಪ್ಪಲಿ ಬಿಟ್ಟರೆ ಮೆಲ್ಲಗೆ, ತಟ್ಟೆ ಇಟ್ಟರೆ ಮೆಲ್ಲಗೆ. ಹೆಂಡತಿಯೂ ತಾಯಿಯ ಜೊತೆ ಸೇರಿ, "ಮೆಲ್ಲಗೆ ರೀ, ಈಗ ತಾನೇ ಮಲಗಿದ್ದಾಳೆ" ಎನ್ನುತ್ತಿದ್ದಳು. ಮೇಲಿನ ಮನೆಯ ಮುದುಕಿಯಂತೂ ಮೊದಲಿನಿಂದಲೂ ಇವನ ದನಿ ಕೇಳಿದರೆ ಕಿಟಕಿ ಬಡಿದು ಮುಚ್ಚುವವಳು. ಈಗ ಅವಳಿಗೂ ಒಂದು ನೆಪ ಸಿಕ್ಕಿತು.

ಪಿಸುಗುಡುವುದು ಅವನಿಗೆ ಬರುತ್ತಿರಲಿಲ್ಲ. ಸ್ವಂತ ಪಿಸುಮಾತು ಅವನಿಗೇ ಕೇಳಿಸದ ಮೇಲೆ ಬರುವುದಾದರೂ ಹೇಗೆ? ಮಧ್ಯಾಹ್ನ ಊಟದ ಬಿಡುವಿನಲ್ಲಿ ನನ್ನ ಅಂಗಡಿಗೆ ಬಂದು, ಗಾಜಿನ ಮೇಜಿನ ಮೇಲೆ ಬಾಗಿ, ಏನೋ ಒಂದು ಹೇಳಿ, ಕೇಳಿಸ್ತಾ ಅಣ್ಣಾ ಎನ್ನುತ್ತಿದ್ದ. ಪೋಸ್ಟಾಫೀಸಿಗೂ ಕೇಳಿಸಿತು ಎಂದು ನಾನು ಹೇಳಿದರೆ ಇನ್ನಷ್ಟು ಇಳಿಸಿ ಹೇಳುತ್ತಿದ್ದ. ಹಾಗೆ ಇಳಿಸುತ್ತಾ ಇಳಿಸುತ್ತಾ ಕೊನೆಗೆ ಬರೀ ತುಟಿ ಆಡುತ್ತಿತ್ತು, ದನಿಯೇ ಇರುತ್ತಿರಲಿಲ್ಲ. ಅದು ಸಾಕು, ಅದೇ ಸರಿ ಎಂದು ನಾನೇ ಹೇಳಿದೆ. ಹಾಗೆ ಬೀದಿಗೆಲ್ಲ ಕೇಳಿಸುವವನು ಮನೆಯಲ್ಲಿ ಮೂಕನಾದ. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ತುಟಿ ಆಡಿಸುತ್ತಾ ಕೂರುತ್ತಿದ್ದ. ನೋಡಿದರೆ ನಗು ಬರುತ್ತಿತ್ತು, ಪಾಪ ಎಂದೂ ಅನ್ನಿಸುತ್ತಿತ್ತು.

ಅತ್ತೆ ಊರಿಗೆ ಹೊರಟು ನಿಂತಾಗ ಹೆಂಡತಿ ನಿದ್ದೆಯಿಲ್ಲದೆ ಬಳಲಿ ಹೋಗಿದ್ದಳು. ಹೊಲಿಗೆಯೂ ಬಾಕಿ ಬಿದ್ದಿತ್ತು. ಮಧ್ಯಾಹ್ನದ ಮೇಲೆ ಮಗುವನ್ನು ತಾನು ಅಂಗಡಿಗೆ ಒಯ್ಯುತ್ತೇನೆ ಎಂದ ಡಂಗುರ. ಅತ್ತೆ ಮುಖ ಗಂಟಿಕ್ಕಿ, ಆ ಗದ್ದಲದಲ್ಲಿ ಎಳೆಗೂಸಿನ ಕಿವಿ ಏನಾಗಬೇಕು ಎಂದು ಕೇಳಿದರು. ಹೆಂಡತಿ ಗಂಡನ ಪರ ನಿಂತಳು. ಅಪ್ಪನ ಹತ್ತಿರ ತಾನೇ ಇರುವುದು, ಬಿಡಮ್ಮಾ ಎಂದಳು. ಆ ಮಾತು ಆಗ ಅವನಿಗೆ ದೊಡ್ಡ ಬಹುಮಾನದ ಹಾಗೆ ಕಂಡಿತ್ತು.

ಒಂದು ಟ್ರಂಕಿನ ಮುಚ್ಚಳವನ್ನು ಅಂಗಾತ ಹಾಕಿ, ಅಂಚನ್ನು ಮಡಿಸಿ ನುಣ್ಣಗೆ ಮಾಡಿ, ಒಳಗೆ ಹಳೆಯ ರಜಾಯಿ ಹಾಸಿದ. ಅದನ್ನು ತಾನು ಕೆಲಸ ಮಾಡುವ ಉದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಇಟ್ಟ. ಮಗುವಿನ ಕಿವಿಗೆ ಹತ್ತಿ ತುರುಕಿದ. ಮೊದಲ ಏಟು ಹಾಕಿ ಮಗುವಿನ ಮುಖ ನೋಡಿದನಂತೆ. ಮಗು ಬೆಚ್ಚಲಿಲ್ಲ. ಎರಡನೆಯದಕ್ಕೂ ಬೆಚ್ಚಲಿಲ್ಲ. ಅಳುತ್ತಿದ್ದದ್ದು ಸುಮ್ಮನಾಯಿತು, ರೆಪ್ಪೆ ಭಾರವಾಯಿತು, ನಿದ್ದೆ ಹೋಯಿತು. ಸುತ್ತಿಗೆ ನಿಂತರೆ ಎಚ್ಚರವಾಗಿ ಕುಂಯ್ ಎನ್ನುತ್ತಿತ್ತು, ಬಡಿಯತೊಡಗಿದರೆ ಮತ್ತೆ ನಿದ್ದೆ. ಸ್ವಲ್ಪ ದಿನಕ್ಕೆ ಹತ್ತಿ ಇಡುವುದನ್ನೂ ಬಿಟ್ಟ.

ನಮ್ಮ ಬೀದಿಗೆ ಇದಕ್ಕಿಂತ ಹೆಮ್ಮೆ ಇನ್ನೇನು ಬೇಕು? ಬೇರೆ ಬೀದಿಯವರು ನಮ್ಮ ಸದ್ದಿಗೆ ಶಾಪ ಹಾಕುತ್ತಾ ಹೋಗುವವರು. ನಮ್ಮ ಮನೆಗಳ ಎಳೆಮಕ್ಕಳೂ ಇಲ್ಲಿ ಕಾಲಿಟ್ಟರೆ ಕಿರುಚುತ್ತಿದ್ದವು. ಇಲ್ಲೊಂದು ಮಗು ಸುತ್ತಿಗೆ ಸದ್ದನ್ನು ಜೋಗುಳ ಮಾಡಿಕೊಂಡಿತ್ತು. ಇವಳು ನಮ್ಮ ಕಸುಬಿನ ಮಗಳು, ಗಟ್ಟಿಗಿತ್ತಿ ಎಂದು ಹಳಬರೆಲ್ಲ ಬಂದು ನೋಡಿ ಹೋದರು. ಡಂಗುರ ಎದೆ ಉಬ್ಬಿಸಿಕೊಂಡು ಬಡಿದ. ನಾನೂ ಅಷ್ಟೇ, ಸ್ಪ್ರಿಂಗ್ ಹಾರಿದರೂ ಬೈಯುವುದನ್ನು ಆ ದಿನಗಳಲ್ಲಿ ಕಡಿಮೆ ಮಾಡಿದ್ದೆ. ಮಗುವಿಗೆ ನಿದ್ದೆ ಬರಲಿ ಎಂದು ನಾವೆಲ್ಲ ಸೇರಿ ಗದ್ದಲ ಮಾಡಿದೆವು. ಇಂಥ ತಪ್ಪು ಬೇರೆ ಯಾವ ಬೀದಿಯವರೂ ಮಾಡುತ್ತಿರಲಿಲ್ಲ.

ಒಂದು ದಿನ ಬೆಸುಗೆಯ ದೊಡ್ಡ ಕೆಲಸ ಬಂತು. ಹೊಗೆ ಮಗುವಿಗೆ ಆಗದು ಎಂದು ಮುಚ್ಚಳದ ಸಮೇತ ಅವಳನ್ನು ತಂದು ನನ್ನ ಅಂಗಡಿಯ ಮೇಜಿನ ಮೇಲೆ ಇಟ್ಟು ಹೋದ. ಬೀದಿಯಲ್ಲಿ ಅದೇ ಢಣ ಢಣ ಇತ್ತು, ಆದರೂ ಮಗು ನನ್ನಲ್ಲಿ ಮಲಗಲಿಲ್ಲ. ಕಣ್ಣು ಪಿಳಿಪಿಳಿ ಬಿಡುತ್ತಾ ಚಾವಣಿಯ ಫ್ಯಾನನ್ನು ನೋಡುತ್ತಿತ್ತು. ನಾನು ಅದರ ತಲೆಯ ಹತ್ತಿರ ಕೂತು ಒಂದು ಹಳೆಯ ಅಲಾರಂ ಗಡಿಯಾರವನ್ನು ಅಂಗೈಯಲ್ಲಿ ಹಿಡಿದು ಅದರ ಚಕ್ರದ ಹಲ್ಲು ಸರಿಮಾಡುತ್ತಿದ್ದೆ. ತಲೆಯ ಮೇಲೆ ಎರಡು ಗಂಟೆ ಇರುವ, ಸತ್ತವರನ್ನೂ ಎಬ್ಬಿಸುವಂಥ ಜಾತಿಯದು. ಡಂಗುರ ಕೈ ಒರೆಸಿಕೊಳ್ಳುತ್ತಾ ಮಗಳನ್ನು ಒಯ್ಯಲು ಒಳಗೆ ಬಂದ. ಅದೇ ಹೊತ್ತಿಗೆ ಆ ಗಡಿಯಾರ ಒಮ್ಮೆಲೇ ಬಾಯಿ ಬಿಟ್ಟಿತು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅವನ ಅರೆಕಿವಿಗೂ ಅದು ಬಡಿಯಿತು. ಅತ್ತೆಯ ತರಬೇತಿ ನೋಡಿ, ನುಗ್ಗಿ ಬಂದು ಎರಡು ಕೈಯಿಂದ ಮಗುವಿನ ಕಿವಿ ಮುಚ್ಚಿದ. ಮಗು ಅಪ್ಪನ ಮುಖ ಕಂಡು ಬೊಚ್ಚುಬಾಯಿ ಬಿಟ್ಟು ನಕ್ಕಿತು. ಅವನೂ ನಕ್ಕ. ನಗುತ್ತಾ ನಗುತ್ತಾ ಕೈ ತೆಗೆದ. ಗಂಟೆ ಹೊಡೆಯುತ್ತಲೇ ಇತ್ತು. ಮಗು ಅವನನ್ನೇ ನೋಡಿ ನಗುತ್ತಿತ್ತು, ರೆಪ್ಪೆ ಕೂಡ ಅಲುಗಲಿಲ್ಲ.

ಅವನ ಮುಖ ನೋಡಿ ನಾನು ಗಡಿಯಾರದ ಬಾಯಿ ಮುಚ್ಚಿಸಿದೆ.

"ಇನ್ನೊಂದು ಸಲ ಹೊಡೆಸು ಅಣ್ಣಾ," ಎಂದ.

ಬೇಡ ಎಂದೆ. ಅವನೇ ಕಿತ್ತುಕೊಂಡು ಕೀಲಿ ತಿರುಗಿಸಿ, ಮಗುವಿನ ತಲೆಯ ಹಿಂದೆ ಅದಕ್ಕೆ ಕಾಣದ ಹಾಗೆ ಹಿಡಿದ. ಗಡಿಯಾರದ ಕೀಲಿ ಪೂರ್ತಿ ಬಿಚ್ಚಿಕೊಳ್ಳುವವರೆಗೂ ಹೊಡೆಯಿತು. ಮಗು ಕಾಲು ಝಾಡಿಸುತ್ತಾ ಫ್ಯಾನು ನೋಡುತ್ತಿತ್ತು. ಆಮೇಲೆ ಅವನು ಬೆರಳಿನ ಗೆಣ್ಣಿನಿಂದ ಮೇಜನ್ನು ಒಮ್ಮೆ ಕುಟ್ಟಿದ. ತಟ್ಟನೆ ತಲೆ ತಿರುಗಿಸಿತು. ನನಗೆ ಹೋದ ಜೀವ ಬಂದ ಹಾಗಾಯಿತು. ಕೇಳಿಸ್ತದೆ ನೋಡು ಎಂದೆ. ಡಂಗುರ ಮುಚ್ಚಳವನ್ನು ಮೇಜಿನಿಂದ ಎತ್ತಿ ತೋಳಲ್ಲಿ ಹಿಡಿದುಕೊಂಡು, ಈಗ ಕುಟ್ಟು ಎಂದ. ಕುಟ್ಟಿದೆ, ಗೆಣ್ಣು ನೋಯುವಷ್ಟು ಕುಟ್ಟಿದೆ. ಮಗು ತಿರುಗಲಿಲ್ಲ. ಇಷ್ಟು ದಿನ ಅವಳನ್ನು ಮಲಗಿಸಿದ್ದು ಸದ್ದಲ್ಲ, ಆ ಬೆಂಚಿನ ನಡುಕ. ಅದು ನನಗಿಂತ ಮೊದಲು ಅವನಿಗೆ ತಿಳಿಯಿತು.

ಹೆಂಡತಿಗೆ ಹೇಳದೆ ಅವನು ಮಗುವನ್ನು ದೊಡ್ಡಾಸ್ಪತ್ರೆಗೆ ಒಯ್ದ. ಜೊತೆಗೆ ನಾನು. ಅವಳು ಮಗು ಅಂಗಡಿಯಲ್ಲಿದೆ ಎಂದುಕೊಂಡಿದ್ದಳು. ಕಿವಿಗೆ ತಂತಿ ಹಾಕಿ ನೋಡುವುದೆಲ್ಲ ಆಯಿತು. ಡಾಕ್ಟರಮ್ಮ ಒಳ್ಳೆಯವರು, ಅವಸರ ಮಾಡಲಿಲ್ಲ. ಕಿವಿಯ ನರವೇ ಬೆಳೆದಿಲ್ಲ, ಯಂತ್ರ ಹಾಕಿದರೂ ಫಲ ಸಿಗುವುದು ಅನುಮಾನ, ಇದು ಹುಟ್ಟಿನಿಂದಲೇ ಬಂದದ್ದು ಎಂದರು. ಸುತ್ತಿಗೆ ಸದ್ದಿನಿಂದ ಆದದ್ದಲ್ಲವೇ ಎಂದು ಡಂಗುರ ಕೇಳಿದ. ಅಲ್ಲ ಎಂದರು. ಎದ್ದು ಬಾಗಿಲವರೆಗೆ ಹೋದವನು ತಿರುಗಿ ಬಂದು ಮತ್ತೆ ಅದನ್ನೇ ಕೇಳಿದ. ಕಾರಿಡಾರಿನ ತುದಿಯಿಂದ ಮತ್ತೆ ಹೋಗಿ ಕೇಳಿ ಬಂದ. ಅಲ್ಲ, ಅಲ್ಲ ಎಂದೇ ಹೇಳಿದರು ಪಾಪ.

ಅವನು ನಂಬಲಿಲ್ಲ. ಹುಟ್ಟಿದ ದಿನ ವಾರ್ಡಿನಲ್ಲಿ ನಿನ್ನ ಕೂಗಿಗೆ ಎಲ್ಲ ಮಕ್ಕಳೂ ಎದ್ದವು, ಇವಳು ಏಳಲಿಲ್ಲ, ನೀನೇ ಹೇಳಿದ ಕಥೆ ತಾನೇ ಎಂದು ನಾನು ಬಾಯಿ ನೋಯುವಷ್ಟು ಹೇಳಿದೆ.

"ಒಂದು ಎಳೆಯಷ್ಟಾದ್ರೂ ಉಳಿದಿತ್ತೇನೋ ಅಣ್ಣಾ," ಎಂದ. "ಅದನ್ನೂ ನಾನೇ ಬಡಿದು ಹಾಕಿದೆನೇನೋ. ಹತ್ತಿ ಇಡೋದನ್ನೂ ಬಿಟ್ಟೆನಲ್ಲ."

ಆ ಮೇಲಿನ ದಿನಗಳನ್ನು ನೆನೆದರೆ ನನಗೆ ಈಗಲೂ ಬೇಜಾರು. ಮಗುವನ್ನು ಅಂಗಡಿಗೆ ತರುವುದನ್ನು ನಿಲ್ಲಿಸಿದ. ಮುಚ್ಚಳ ನನ್ನ ಅಂಗಡಿಯ ಮೂಲೆಯಲ್ಲೇ ಉಳಿಯಿತು. ಸುತ್ತಿಗೆ ಎತ್ತುತ್ತಿದ್ದ, ಹೊಡೆಯುವ ಮುನ್ನ ತಡೆಯುತ್ತಿದ್ದ. ಅವನ ಟ್ರಂಕುಗಳ ಮೂಲೆ ಸೊಟ್ಟಗಾಗತೊಡಗಿದವು. ನನ್ನ ಸ್ಪ್ರಿಂಗುಗಳು ಹಾರುವುದು ನಿಂತಿತು, ಅದರ ಸುಖ ನನಗೆ ಬೇಕಿರಲಿಲ್ಲ. ಮನೆಯಲ್ಲಿ ಹೇಳಿದೆಯಾ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಿದ್ದ. ಅವಳು ಈಗೀಗ ಹೊಸ ಹೊಸ ಹಾಡು ಕಟ್ಟುತ್ತಿದ್ದಾಳಂತೆ. ಹೊಲಿಯುತ್ತಾ ಮಗುವನ್ನು ಎದೆಗೆ ಕಟ್ಟಿಕೊಂಡು ಹಾಡುತ್ತಾಳೆ, ನೋಡಿ ಹೇಗೆ ಕೇಳಿಸಿಕೊಳ್ಳುತ್ತಾಳೆ ಎಂದು ಇವನಿಗೆ ತೋರಿಸುತ್ತಾಳೆ. ಇವನು ಹಾಡು ಮುಗಿಯುವವರೆಗೆ ಪಕ್ಕದಲ್ಲಿ ಕೂರಲಾಗದೆ ಏನೋ ನೆಪ ಹೇಳಿ ಎದ್ದು ಬರುತ್ತಿದ್ದ. ಅವಳ ಅಮ್ಮನ ಎದುರು ನನ್ನ ಪರ ನಿಂತವಳು, ಅವಳಿಗೆ ಯಾವ ಬಾಯಲ್ಲಿ ಹೇಳಲಿ ಎಂದು ನನ್ನನ್ನೇ ಕೇಳಿದ. ನಾನೇ ಬಂದು ಹೇಳುತ್ತೇನೆ ಎಂದರೆ ಅದಕ್ಕೂ ಒಪ್ಪಲಿಲ್ಲ.

ಕೊನೆಗೆ ಅವಳೇ ಬಂದಳು. ಬೆಳಗಿನ ಹೊತ್ತು, ಬೀದಿ ಪೂರ್ತಿ ಕೆಲಸದಲ್ಲಿತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಮೊದಲು ನನ್ನಲ್ಲಿಗೆ ಬಂದು, ಮೂಲೆಯಲ್ಲಿದ್ದ ಮುಚ್ಚಳ ಕಂಡು, ಇದು ಇಲ್ಯಾಕಿದೆ ಅಣ್ಣಾ ಎಂದಳು. ನಾನು ಮಸೂರ ಒರೆಸತೊಡಗಿದೆ. ಅವಳು ಅದನ್ನು ಎತ್ತಿಕೊಂಡು ರಸ್ತೆ ದಾಟಿ, ಗಂಡನ ಬೆಂಚಿನ ಮೇಲೆ ಇಟ್ಟು ಮಗುವನ್ನು ಮಲಗಿಸಿದಳು. ಮಧ್ಯಾಹ್ನ ನಿದ್ದೆ ಮಾಡ್ತಿಲ್ಲ ಇವಳು, ನಿಮ್ಮ ಸದ್ದೇ ಬೇಕಂತೆ, ನಾಲ್ಕು ಏಟು ಹಾಕಿ ಎಂದು ನಗುತ್ತಾ ಸುತ್ತಿಗೆಯನ್ನು ಅವನ ಕೈಗೆ ಕೊಟ್ಟಳು.

ಅವನು ಸುತ್ತಿಗೆಯನ್ನು ನೆಲದ ಮೇಲಿಟ್ಟ. ಏನೋ ಹೇಳಿದ. ಮನೆಯ ರೂಢಿ, ಬರೀ ತುಟಿ ಆಡಿತು. ಆ ಗದ್ದಲದಲ್ಲಿ ಅವಳು ಕೈಯನ್ನು ಕಿವಿಗಿಟ್ಟು ಮುಂದೆ ಬಾಗಿದಳು. ಮತ್ತೆ ಹೇಳಿದ, ಸ್ವಲ್ಪ ಜೋರಾಗಿ. ಅವಳಿಗೆ ಮುಟ್ಟಲಿಲ್ಲ. ಅವನ ಮುಖ ನೋಡಿ ಪಕ್ಕದಂಗಡಿಯವನು ಕೈ ನಿಲ್ಲಿಸಿದ, ಅವನನ್ನು ನೋಡಿ ಅವನಾಚೆಯವನು. ಅಷ್ಟರಲ್ಲಿ ಡಂಗುರ ಮೂರನೆಯ ಸಲ ಬಾಯಿ ತೆರೆದಿದ್ದ.

"ಮಗುಗೆ ಕಿವಿ ಕೇಳಿಸಲ್ಲ ಕಣೇ. ನಾನೇ ಹಾಳು ಮಾಡ್ದೆ."

ಅಷ್ಟು ದಿನ ಬಚ್ಚಿಟ್ಟದ್ದು ನಿಶ್ಶಬ್ದವಾದ ಬೀದಿಯ ಆ ತುದಿಯವರೆಗೂ ಹೋಯಿತು. ಅವಳು ಗಂಡನನ್ನು ನೋಡಿದಳು, ಆಮೇಲೆ ಬೀದಿಯ ಗಂಡಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ನಾನು ತಲೆ ತಗ್ಗಿಸಿದೆ. ಮಗುವನ್ನು ಎತ್ತಿಕೊಂಡು ಹೋದಳು. ಮುಚ್ಚಳ ಬೆಂಚಿನ ಮೇಲೇ ಉಳಿಯಿತು.

ಆಸ್ಪತ್ರೆಗೆ ಅವಳೂ ಹೋಗಿ ಬಂದಳು, ಅದೇ ಮಾತು ಕೇಳಿಸಿಕೊಂಡು ಬಂದಳು. ಗಂಡನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಮಾಡಿದ್ದು ಒಂದೇ, ಹಾಡು ನಿಲ್ಲಿಸಿದಳು. ಹೊಲಿಗೆ ಯಂತ್ರಕ್ಕೂ ಬಟ್ಟೆ ಹೊದಿಸಿದಳು. ಮನೆಯಲ್ಲಿ ತಟ್ಟೆ ಇಡುವ ಸದ್ದು ಬಿಟ್ಟರೆ ಬೇರೇನೂ ಇಲ್ಲ ಎಂದು ಡಂಗುರ ಹೇಳಿದ. ಯಾಕೆ ಹಾಡಲ್ಲ ಎಂದು ಕೇಳಿದನಂತೆ. ಯಾರಿಗೆ ಅಂತ ಹಾಡಲಿ ಎಂದಳಂತೆ. ನಾನಿದ್ದೀನಲ್ಲ ಎನ್ನಲು ಅವನಿಗೆ ಧೈರ್ಯ ಬರಲಿಲ್ಲ.

ಅವರ ಮನೆಯ ಗೋಡೆ ಗಡಿಯಾರವೊಂದು ಬಹಳ ದಿನದಿಂದ ನನ್ನಲ್ಲಿ ಬಿದ್ದಿತ್ತು. ರಜೆಯ ದಿನ ಅದನ್ನು ನೆಪ ಮಾಡಿಕೊಂಡು ಹೋದೆ. ಡಂಗುರ ಹೊಸ್ತಿಲ ಮೇಲೆ ಕೂತಿದ್ದ. ಒಳಗೆ ಅವಳು ಗೋಡೆಗೊರಗಿ ಮಗುವನ್ನು ಭುಜಕ್ಕೆ ಹಾಕಿಕೊಂಡಿದ್ದಳು. ಮಗು ಅಳುತ್ತಿತ್ತು. ಅಳುವಿನ ನಡುವೆ ಅಂಗೈಯಿಂದ ಅಮ್ಮನ ಗಂಟಲನ್ನು ತಟ್ಟುತ್ತಿತ್ತು. ತಟ್ಟಿ ಸ್ವಲ್ಪ ಕಾಯುವುದು, ಮತ್ತೆ ತಟ್ಟುವುದು, ಆಮೇಲೆ ಇನ್ನೂ ಜೋರಾಗಿ ಅಳುವುದು.

"ದಿನಾ ಇದೇ ಅಣ್ಣಾ," ಎಂದಳು. "ಹಾಲು ಬೇಡ, ಎತ್ಕೊಂಡು ಓಡಾಡಿದ್ರೂ ಬೇಡ. ಇಲ್ಲೇ ಬಡೀತಾಳೆ. ಏನು ಬೇಕೋ ಗೊತ್ತಾಗ್ತಿಲ್ಲ."

ಡಂಗುರ ಹೊಸ್ತಿಲಿನಿಂದ ಅದನ್ನೇ ನೋಡುತ್ತಿದ್ದ. ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಬಂದು, ನಾನಿದ್ದೇನೆ ಎಂಬುದನ್ನೂ ಮರೆತು, ಟ್ರಂಕಿನ ಹೊಟ್ಟೆಗೆ ಇಡುವ ಹಾಗೆ ಹೆಂಡತಿಯ ಗಂಟಲಿಗೆ ಅಂಗೈ ಇಟ್ಟ. ಏನಾದರೂ ಮಾತಾಡು ಎಂದ. ಏನು ಮಾತಾಡಲಿ ಎಂದಳು. ಬಿಸಿ ತಗಡು ಮುಟ್ಟಿದವನಂತೆ ಕೈ ಹಿಂದೆಳೆದುಕೊಂಡ.

"ಬೆಂಚು ಕಣೇ," ಎಂದ. "ಬೆಂಚಿನ ಥರಾನೇ. ನೀನು ಹಾಡಿದ್ದು ಇಲ್ಲಿ ಸಿಗ್ತಿತ್ತು ಅವಳ ಕೈಗೆ. ನೀನು ನಿಲ್ಲಿಸಿಬಿಟ್ಟೆ. ಅದನ್ನೇ ಬೇಡ್ತಿದ್ದಾಳೆ."

ಅವಳು ಮಗುವಿನ ಕೈಯನ್ನು ನೋಡಿದಳು. ಬಾಯಿ ತೆರೆದಳು. ಉಸಿರು ಮಾತ್ರ ಬಂತು. ಮತ್ತೆ ತೆರೆದಳು, ಮತ್ತೆ ಅಷ್ಟೇ. ಮಗು ತಟ್ಟುತ್ತಲೇ ಇತ್ತು. ಅವಳು ಅದನ್ನು ಅವನ ತೋಳಿಗೆ ಹಾಕಿ ಗೋಡೆಯ ಕಡೆ ತಿರುಗಿ ಕೂತಳು.

ಅವನು ಮಗಳ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡ. ಅಭ್ಯಾಸ ಬಿಡುತ್ತದೆಯೇ, ಮೊದಲು ತುಟಿ ಮಾತ್ರ ಆಡಿತು. ಆಮೇಲೆ ಎದೆ ತುಂಬ ಉಸಿರೆಳೆದು, ಮಗಳೇ ಎಂದ. ಮಗಳು ಹುಟ್ಟಿದ ಆ ದಿನದ ನಂತರ ಅವಳೊಡನೆ ಅವನು ದನಿ ಎತ್ತಿ ಆಡಿದ ಮೊದಲ ಮಾತು ಅದು. ಮಗುವಿನ ಅಳು ತಟ್ಟನೆ ನಿಂತಿತು. ಅವನ ಬಾಯಿಯನ್ನು ನೋಡಿತು, ಇನ್ನೊಂದು ಕೈಯನ್ನೂ ತಂದು ಗಂಟಲಿಗೆ ಇಟ್ಟಿತು. ಹಾಡು ಅವನಿಗೆ ಬರುವುದಿಲ್ಲ. ಮತ್ತೆ ಮಗಳೇ ಎಂದ. ಆಮೇಲೆ ಬಾಯಿಗೆ ಬಂದದ್ದನ್ನೆಲ್ಲ ಕೂಗತೊಡಗಿದ. ಅವಳ ಮುಖ ಮೊದಲು ಕಂಡಾಗ ತನಗೆ ಹೇಗಾಯಿತು, ಮುಚ್ಚಳದ ಅಂಚು ಮಡಿಸಲು ಎಷ್ಟು ಹೊತ್ತು ಹಿಡಿಯಿತು, ತಪ್ಪಾಯ್ತು ಕಣವ್ವ ಎಂಬುದು, ಎಲ್ಲವನ್ನೂ. ಕಣ್ಣೀರು ಇಳಿದು ಮಗುವಿನ ಕೈ ಒದ್ದೆಯಾಗುತ್ತಿತ್ತು. ಒಂದು ಮಾತೂ ಅದಕ್ಕೆ ಮುಟ್ಟುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಮೇಲಿನ ಮನೆಯ ಕಿಟಕಿ ತೆರೆದ ಸದ್ದಾಯಿತು. ಮುದುಕಿ ಬಗ್ಗಿ ನೋಡಿದಳು, ಬಡಿಯಲೆಂದು ಕದಕ್ಕೆ ಕೈ ಹಾಕಿದವಳು ಹಾಗೇ ಹಿಡಿದುಕೊಂಡು ನಿಂತಳು. ಹೆಂಡತಿ ಗೋಡೆ ನೋಡುತ್ತಾ ಕೂತಿದ್ದಳು, ಬೆನ್ನು ಅದುರುತ್ತಿತ್ತು, ಅವತ್ತೂ ಅವಳು ಹಾಡಲಿಲ್ಲ. ನಾನು ಗಡಿಯಾರವನ್ನು ಮೊಳೆಗೆ ತೂಗುಹಾಕಿ ಹೊರಗೆ ಬಂದೆ. ಬೀದಿಯ ತಿರುವಿನವರೆಗೂ ಅವನ ದನಿ ಕೇಳಿಸುತ್ತಿತ್ತು. ಮೆಲ್ಲಗೆ ಎಂದು ಯಾರೂ ಹೇಳಲಿಲ್ಲ.